ಎರಡು ದಿನದ ಉದ್ಯಮ ಸಮ್ಮೇಳನ: ಊಟದ ನಂತರವೂ ಸಭಾಂಗಣ ತುಂಬಿರಬೇಕಾದರೆ

ಪ್ರಶ್ನೆ: ಬೆಳಗಾವಿಯ ಸಣ್ಣ ಫೌಂಡ್ರಿ (ಲೋಹದ ಎರಕ) ಮತ್ತು ಮಷಿನಿಂಗ್ ಘಟಕಗಳ ಸಂಘವೊಂದರ ಕಾರ್ಯದರ್ಶಿ ನಾನು. ಬರುವ ಚಳಿಗಾಲದಲ್ಲಿ ಎರಡು ದಿನದ ಸಮ್ಮೇಳನ ನಡೆಸಲು ಸಂಘ ತೀರ್ಮಾನಿಸಿದೆ. ಹುಬ್ಬಳ್ಳಿ, ಕೊಲ್ಹಾಪುರ, ಸಾಂಗಲಿ ಕಡೆಯವರೂ ಸೇರಿ ಸುಮಾರು 300 ಜನ ಬರಬಹುದು. ಯಂತ್ರ, ಕಚ್ಚಾವಸ್ತು ಮಾರುವವರ ಮಳಿಗೆಗಳೂ ಇರಬೇಕೆಂಬ ಆಸೆ. ಈ ಹಿಂದೆ ಒಂದು ದಿನದ ಸಭೆಗಳನ್ನು ನಡೆಸಿದಾಗಲೆಲ್ಲ ಮಧ್ಯಾಹ್ನದ ಊಟವಾದ ಮೇಲೆ ಅರ್ಧ ಸಭಾಂಗಣ ಖಾಲಿಯಾಗಿದೆ. ಈ ಸಲ ಹಾಗಾಗಬಾರದು. ಎಲ್ಲಿಂದ ಆರಂಭಿಸಬೇಕು, ಯಾವುದರಲ್ಲಿ ಎಚ್ಚರ ವಹಿಸಬೇಕು?

ಉತ್ತರ: ಸಭಾಂಗಣ ಖಾಲಿಯಾಗುವುದಕ್ಕೆ ಊಟವನ್ನು ದೂರಬೇಡಿ. ಬೆಳಿಗ್ಗೆ ಒಂಬತ್ತೂವರೆಗೆ ಬಂದು ಕುಳಿತ ಮಾಲೀಕರಿಗೆ ಮಧ್ಯಾಹ್ನ ಒಂದೂವರೆಯಾದರೂ ತಮ್ಮ ಕಾರ್ಖಾನೆಗೆ ಬೇಕಾದ ಒಂದು ಮಾತೂ ಸಿಕ್ಕಿಲ್ಲ ಎಂದರೆ, ಅವರು ಊಟ ಮುಗಿಸಿ ಫರ್ನೇಸ್ ಕಡೆಗೆ ಹೊರಡುವುದೇ ನ್ಯಾಯ. ಹತ್ತು-ಇಪ್ಪತ್ತು ಜನರ ಘಟಕ ನಡೆಸುವವರಿಗೆ ಎರಡು ದಿನ ಹೊರಗಿರುವುದು ದುಬಾರಿ ವಿಷಯ. ನೀವು ಕೇಳುವ ಪ್ರತಿನಿಧಿ ಶುಲ್ಕ ಅದರ ಮುಂದೆ ಸಣ್ಣದು. ಆದ್ದರಿಂದ ನಿಮ್ಮ ಯೋಜನೆಯೆಲ್ಲ ಪ್ರತಿನಿಧಿಯ ಸಮಯದ ಸುತ್ತ ಹೆಣೆದುಕೊಳ್ಳಲಿ. ಉಳಿದ ತೀರ್ಮಾನಗಳನ್ನು, ಹಣದ ತೀರ್ಮಾನವನ್ನೂ, ಇದೇ ಅಳತೆಗೋಲಿನಿಂದ ನೋಡಿ.

ಮೊದಲ ಕೆಲಸ ಫೋನಿನಲ್ಲಿ ಆಗುವಂಥದ್ದು. ಬೇರೆ ಬೇರೆ ಗಾತ್ರದ ಇಪ್ಪತ್ತು ಘಟಕಗಳ ಮಾಲೀಕರಿಗೆ ಕರೆ ಮಾಡಿ ಎರಡೇ ಪ್ರಶ್ನೆ ಕೇಳಿ: ಈ ವರ್ಷ ನಿಮ್ಮ ನಿದ್ದೆ ಕೆಡಿಸಿದ ಸಮಸ್ಯೆ ಯಾವುದು? ಸಮ್ಮೇಳನದಲ್ಲಿ ಯಾರು ಸಿಕ್ಕರೆ ನೀವು ಎರಡನೆಯ ದಿನವೂ ಕುಳಿತಿರುತ್ತೀರಿ? ಮೊದಲನೆಯದಕ್ಕೆ ರಿಜೆಕ್ಷನ್ (ದೋಷದಿಂದ ಮಾಲು ತಿರಸ್ಕೃತವಾಗುವುದು), ವಿದ್ಯುತ್ ಬಿಲ್ಲು, ಅಚ್ಚಿಗೆ ಬಳಸಿದ ಮರಳಿನ ವಿಲೇವಾರಿ, ಮೋಲ್ಡಿಂಗ್ ಕೆಲಸಕ್ಕೆ ಜನ ಸಿಗದಿರುವುದು, ಪೂರೈಸಿದ ಮಾಲಿನ ಹಣ ತಡವಾಗುವುದು ಇಂಥ ಉತ್ತರಗಳು ಬರುತ್ತವೆ. ಅವೇ ನಿಮ್ಮ ಗೋಷ್ಠಿಗಳ ವಿಷಯಗಳು. ಎರಡನೆಯದಕ್ಕೆ ಹೆಚ್ಚಿನವರು ಹೇಳುವುದು ದೊಡ್ಡ ಕಂಪನಿಗಳ ಖರೀದಿ ವಿಭಾಗದವರು ಸಿಗಬೇಕು ಎಂದು. ಆ ಉತ್ತರದಲ್ಲೇ ನಿಮ್ಮ ಖಾಲಿ ಸಭಾಂಗಣಕ್ಕೆ ಪರಿಹಾರವಿದೆ. ಅದಕ್ಕೆ ಮುಂದೆ ಬರುತ್ತೇನೆ.

ದಿನಾಂಕದ ವಿಷಯದಲ್ಲಿ ಬೆಳಗಾವಿಯಲ್ಲಿ ನೋಡಬೇಕಾದ್ದು ಬಹಳ ಇದೆ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದರೆ ಊರಿನ ಒಳ್ಳೆಯ ಹೋಟೆಲ್ ಕೊಠಡಿಗಳೆಲ್ಲ ಸರ್ಕಾರದ ಪಾಲಾಗುತ್ತವೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಗೋವಾ ದಾರಿಯ ದಟ್ಟಣೆ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಜನ ಹರಿಯುವ ಹುಣ್ಣಿಮೆಗಳಲ್ಲಿ ಬಸ್ಸುಗಳು ತುಂಬಿರುತ್ತವೆ. ನವೆಂಬರ್ 1ರ ಆಸುಪಾಸಿನಲ್ಲಿ ರಾಜ್ಯೋತ್ಸವದ ಮೆರವಣಿಗೆಯಿಂದಾಗಿ ನಗರದೊಳಗೆ ವಾಹನ ಅಲುಗಾಡುವುದೇ ಕಷ್ಟ. ನಿಮ್ಮ ಕ್ಷೇತ್ರದ ದೊಡ್ಡ ಕೂಟಗಳನ್ನೂ ಮರೆಯಬೇಡಿ. ಬೆಂಗಳೂರಿನ ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಯಂತ್ರೋಪಕರಣಗಳ ಮೇಳ ಇಮ್‌ಟೆಕ್ಸ್ ಸಾಮಾನ್ಯವಾಗಿ ಜನವರಿ ಕೊನೆಗೆ ಬರುತ್ತದೆ. ಇಂಡಿಯನ್ ಫೌಂಡ್ರಿ ಕಾಂಗ್ರೆಸ್ ಕೂಡ ವರ್ಷದ ಮೊದಲ ತಿಂಗಳುಗಳಲ್ಲೇ ಇರುತ್ತದೆ. ಆ ವಾರಗಳಲ್ಲಿ ಯಂತ್ರ ಮಾರುವವರು ನಿಮ್ಮ ಮಳಿಗೆಗೆ ಬರಲಾರರು.

ಹಾಗಾದರೆ ಉಳಿಯುವುದೇನು? ನನ್ನ ಸಲಹೆ ಜನವರಿಯ ಎರಡನೆಯ ವಾರ, ಸಂಕ್ರಾಂತಿಗೆ ಮೊದಲು. ಅದು ಧನುರ್ಮಾಸ. ಮದುವೆಗಳಿಲ್ಲದ ಕಾರಣ ದೊಡ್ಡ ಸಭಾಭವನಗಳೂ ಕಲ್ಯಾಣ ಮಂಟಪಗಳೂ ಬಿಡುವಾಗಿರುತ್ತವೆ, ಬಾಡಿಗೆಯಲ್ಲಿ ಮಾತಾಡಲು ಅವಕಾಶವಿರುತ್ತದೆ, ಅಡುಗೆಯವರೂ ಶಾಮಿಯಾನದವರೂ ಸುಲಭವಾಗಿ ಸಿಗುತ್ತಾರೆ. ಹವೆಯೂ ಹಿತ. ಶುಕ್ರವಾರ ಮತ್ತು ಶನಿವಾರ ಇಟ್ಟರೆ ದೂರದವರು ಭಾನುವಾರ ನೆಮ್ಮದಿಯಿಂದ ಊರು ಸೇರಬಹುದು. ಜಿಎಸ್‌ಟಿ ರಿಟರ್ನ್ ತುಂಬುವ 11 ಮತ್ತು 20ನೆಯ ತಾರೀಖುಗಳನ್ನು ತಪ್ಪಿಸಿ. ಸಣ್ಣ ಘಟಕದಲ್ಲಿ ಮಾಲೀಕರೇ ಲೆಕ್ಕದವರೂ ಆಗಿರುತ್ತಾರೆ. ಏಕಾದಶಿ ಬೀಳುತ್ತದೆಯೇ ಎಂದು ಪಂಚಾಂಗವನ್ನೂ ಒಮ್ಮೆ ನೋಡಿ. ಬಿದ್ದರೆ ಉಪವಾಸದವರಿಗೆ ಬೇರೆ ಫಲಾಹಾರ ಬೇಕಾಗುತ್ತದೆ.

ಈಗ ನಾನು ಅತ್ಯಂತ ಒತ್ತಿ ಹೇಳಬೇಕಾದ ವಿಷಯ, ಉದ್ಘಾಟನಾ ಸಮಾರಂಭ. ನಮ್ಮ ರಾಜ್ಯದ ಬಹುಪಾಲು ಸಮ್ಮೇಳನಗಳು ಸೋಲುವುದು ಇಲ್ಲೇ. ವೇದಿಕೆಯ ಮೇಲೆ ಹನ್ನೆರಡು ಜನರನ್ನು ಕೂರಿಸಿದ್ದೀರಿ ಎನ್ನಿ. ಒಬ್ಬೊಬ್ಬರ ಪರಿಚಯ, ಹಾರ, ಶಾಲು, ಪೇಟ, ಫಲತಾಂಬೂಲಕ್ಕೆ ಎರಡು ನಿಮಿಷವೆಂದರೂ 24 ನಿಮಿಷ. ಒಬ್ಬೊಬ್ಬರು ಎಂಟೇ ನಿಮಿಷ ಮಾತಾಡಿದರೂ 96 ನಿಮಿಷ. ಎರಡು ಗಂಟೆ ಹೋಯಿತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಸ್ಮರಣ ಸಂಚಿಕೆಯ ಬಿಡುಗಡೆ, ವಂದನಾರ್ಪಣೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಇದಕ್ಕೆ ಮುಖ್ಯ ಅತಿಥಿ ಒಂದು ಗಂಟೆ ತಡವಾಗಿ ಬಂದರೆ ಮೊದಲ ದಿನದ ಬೆಳಗು ಮುಗಿದಂತೆ. ಬೆಂಗಳೂರಿನಿಂದ ಬಂದ ತಜ್ಞರಿಗೆ 'ಹತ್ತು ನಿಮಿಷದಲ್ಲಿ ಮುಗಿಸಿ' ಎಂಬ ಚೀಟಿ ಹೋಗುತ್ತದೆ. ಪ್ರತಿನಿಧಿ ಹಣ ಕೊಟ್ಟು ಬಂದದ್ದು ಆ ತಜ್ಞರ ಮಾತಿಗಾಗಿ.

ಕ್ರಮವನ್ನು ತಿರುಗಿಸಿ. 9.30ಕ್ಕೆ ಸರಿಯಾಗಿ, ಯಾವ ಔಪಚಾರಿಕತೆಯೂ ಇಲ್ಲದೆ, ನಿಮ್ಮ ಅತ್ಯುತ್ತಮ ತಾಂತ್ರಿಕ ಗೋಷ್ಠಿಯನ್ನು ಆರಂಭಿಸಿ. ರಿಜೆಕ್ಷನ್ ಕುರಿತ ಗೋಷ್ಠಿಯನ್ನೇ ಇಡಿ. ತಡವಾಗಿ ಬಂದವರಿಗೆ ಏನೋ ತಪ್ಪಿಹೋಯಿತು ಅನಿಸಬೇಕು. ಉದ್ಘಾಟನೆ 11.30ಕ್ಕೆ, 45 ನಿಮಿಷ, ವೇದಿಕೆಯಲ್ಲಿ ಐವರು, ಮಾತು ಮೂವರದು. ಸಚಿವರು ತಡವಾದರೆ ಮುಂದಿನ ಗೋಷ್ಠಿ ನಡೆಯುತ್ತಿರಲಿ. ಅವರು ಬಂದಾಗ ಎರಡು ಭಾಷಣಗಳ ನಡುವೆ ದೀಪ ಬೆಳಗಿಸಿ ಮಾತಾಡಲಿ. ಈ ವ್ಯವಸ್ಥೆಯನ್ನು ಅವರ ಆಪ್ತ ಕಾರ್ಯದರ್ಶಿಗೆ ಮೊದಲೇ ಪತ್ರದಲ್ಲಿ ತಿಳಿಸಿ. ವಿನಯದಿಂದ, ಕಾರಣ ಕೊಟ್ಟು ತಿಳಿಸಿದರೆ ಬೇಸರಕ್ಕೆ ಎಡೆಯಿರುವುದಿಲ್ಲ. ಪ್ರಾಯೋಜಕರೂ ಹಿಂದಿನ ಅಧ್ಯಕ್ಷರೂ ವೇದಿಕೆಯ ಮೇಲೆ ಇರಲೇಬೇಕೆಂದು ಸಂಘದೊಳಗೆ ಒತ್ತಡ ಬರುವುದು ಖಂಡಿತ. ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿ, ಹೆಸರು ಹೇಳಿ ನಿಲ್ಲಿಸಿ ಚಪ್ಪಾಳೆ ಕೊಡಿಸಿ, ಸನ್ಮಾನವನ್ನು ಮೊದಲ ದಿನದ ರಾತ್ರಿ ಭೋಜನಕೂಟಕ್ಕೆ ಇಟ್ಟುಕೊಳ್ಳಿ. ಅಲ್ಲಿ ಸಮಯವೂ ಇರುತ್ತದೆ, ಮನೆಯವರನ್ನು ಕರೆತರಲೂ ಬರುತ್ತದೆ, ಗೌರವವೂ ಹೆಚ್ಚು. ಸರ್ಕಾರಿ ಇಲಾಖೆಯ ಸಹಯೋಗ ಪಡೆಯುವುದಾದರೆ ಆಹ್ವಾನ ಪತ್ರಿಕೆಯಲ್ಲಿ ಶಿಷ್ಟಾಚಾರದ ಪ್ರಕಾರ ಯಾರ ಹೆಸರು ಎಲ್ಲಿರಬೇಕೆಂದು ಇಲಾಖೆಯವರಿಂದಲೇ ಬರೆಸಿಕೊಳ್ಳಿ. ಚುನಾವಣಾ ನೀತಿ ಸಂಹಿತೆ ಜಾರಿಯಾದರೆ ಸಚಿವರ ಭಾಗ ಇಲ್ಲದೆಯೂ ಕಾರ್ಯಕ್ರಮ ನಡೆಯುವಂತಿರಲಿ.

ಊಟದ ನಂತರದ ಹೊತ್ತಿಗೆ ಭಾಷಣ ಬೇಡವೇ ಬೇಡ. ಮೊದಲ ದಿನ ಮಧ್ಯಾಹ್ನ ದುಂಡು ಮೇಜುಗಳನ್ನು ಹಾಕಿಸಿ, ಒಂದೊಂದಕ್ಕೆ ಹತ್ತು ಜನ, ಒಂದೊಂದಕ್ಕೆ ಒಂದು ವಿಷಯ. ಒಂದು ಟನ್ ಲೋಹ ಕರಗಿಸಲು ಯಾರಲ್ಲಿ ಎಷ್ಟು ಯೂನಿಟ್ ವಿದ್ಯುತ್ ಹೋಗುತ್ತದೆ ಎಂಬಂಥ ಮಾತು ಮೈಕಿನ ಮುಂದೆ ಯಾರ ಬಾಯಿಂದಲೂ ಬರುವುದಿಲ್ಲ, ಎದುರಿಗೆ ಸ್ಪರ್ಧಿಗಳು ಕುಳಿತಿರುತ್ತಾರೆ. ಹತ್ತು ಜನರ ಮೇಜಿನಲ್ಲಿ ಬರುತ್ತದೆ. ಆ ಮೇಜುಗಳಲ್ಲಿ ಪರದೆ ಬೇಡ, ಮಾಲು ಮಾರುವವರು ಬೇಡ, ಮಾತು ಮುಂದುವರಿಸಲು ಅನುಭವಿಯೊಬ್ಬರು ಸಾಕು. ಎರಡನೆಯ ದಿನ ಮಧ್ಯಾಹ್ನ ಖರೀದಿದಾರರ ಭೇಟಿ ಇಡಿ. ಆರು ಕಂಪನಿಗಳ ಖರೀದಿ ಅಧಿಕಾರಿಗಳು ಬಂದರೆ, ಎರಡು ಗಂಟೆಯಲ್ಲಿ ಹದಿನೈದು ನಿಮಿಷಕ್ಕೊಂದರಂತೆ ಒಬ್ಬೊಬ್ಬರಿಗೆ ಎಂಟು, ಒಟ್ಟು 48 ಭೇಟಿಗಳಾಗುತ್ತವೆ. ಸಮಯವನ್ನು ಹದಿನೈದು ದಿನ ಮೊದಲೇ ಹಂಚಿ. ಯಾವ ಘಟಕ ಏನು ತಯಾರಿಸುತ್ತದೆ, ಎಷ್ಟು ತೂಕದ ಕಾಸ್ಟಿಂಗ್ (ಎರಕದ ಬಿಡಿಭಾಗ) ಮಾಡಬಲ್ಲದು ಎಂಬ ಒಂದು ಪುಟವನ್ನು ಖರೀದಿದಾರರಿಗೆ ಮುಂಚೆಯೇ ಕಳಿಸಿ. ಸಮಯ ನಿಗದಿಯಾದವರು ಎದ್ದು ಹೋಗುವುದಿಲ್ಲ. ಈ ಅಧಿಕಾರಿಗಳನ್ನು ಒಪ್ಪಿಸುವುದು ನಿಧಾನದ ಕೆಲಸ, ಐದು ತಿಂಗಳ ಮೊದಲೇ ಪತ್ರ ವ್ಯವಹಾರ ಆರಂಭವಾಗಬೇಕು. ಮುಖ್ಯ ಅತಿಥಿಗಾಗಿ ಓಡಾಡುವ ಶಕ್ತಿಯನ್ನು ಇಲ್ಲಿ ಹಾಕಿ ಎಂದು ಬೇಡಿಕೊಳ್ಳುತ್ತೇನೆ.

ಹಣದ ಲೆಕ್ಕವನ್ನು ಎರಡು ಭಾಗ ಮಾಡಿ. ಎಷ್ಟೇ ಜನ ಬಂದರೂ ಬದಲಾಗದ ಖರ್ಚು ಒಂದು: ಸಭಾಂಗಣ, ವೇದಿಕೆ, ಧ್ವನಿ, ಪರದೆ, ಭಾಷಣಕಾರರ ಪ್ರಯಾಣ, ಮುದ್ರಣ. ತಲೆಗೆ ಇಷ್ಟೆಂದು ಬೀಳುವ ಖರ್ಚು ಇನ್ನೊಂದು: ಊಟ, ಚಹಾ, ಚೀಲ, ಬ್ಯಾಡ್ಜ್. ಲೆಕ್ಕದ ರೀತಿ ತೋರಿಸಲು ಮಾತ್ರ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಸ್ಥಿರ ಖರ್ಚು 6,00,000 ರೂಪಾಯಿ, ತಲಾ ಖರ್ಚು 1,800, ಪ್ರತಿನಿಧಿ ಶುಲ್ಕ 3,000. ಒಬ್ಬರಿಂದ ಉಳಿಯುವುದು 1,200. ಶುಲ್ಕವೊಂದರಿಂದಲೇ ಖರ್ಚು ಹೊರಬೇಕಾದರೆ 500 ಜನ ಬರಬೇಕು. ನಿಮ್ಮಲ್ಲಿ 300 ಜನ, ಅಂದರೆ 3,60,000 ಬಂತು, ಕೊರತೆ 2,40,000. ಒಂದು ಮಳಿಗೆಯಿಂದ ಖರ್ಚು ಕಳೆದು 20,000 ಉಳಿದರೆ 12 ಮಳಿಗೆಗಳಿಂದ ಅದು ಸರಿದೂಗುತ್ತದೆ. 250 ಜನವೇ ಬಂದರೆ ಮಳಿಗೆಗಳು 15 ಬೇಕು. ಈ ಎರಡು ಸ್ಥಿತಿಗಳನ್ನೂ ಕಾರ್ಯಕಾರಿ ಸಮಿತಿಯ ಮುಂದೆ ಬರೆದಿಡಿ. ಪ್ರಾಯೋಜಕರ ಮಾತು ಬ್ಯಾಂಕಿಗೆ ಬರುವವರೆಗೆ ಆದಾಯದ ಪಟ್ಟಿಗೆ ಸೇರಕೂಡದು.

ತೆರಿಗೆಯ ಒಂದು ಅಂಶದಲ್ಲಿ ಸಂಘಗಳು ಪೆಟ್ಟು ತಿನ್ನುತ್ತವೆ. ನಿಮ್ಮ ಸಂಘ ಜಿಎಸ್‌ಟಿ ನೋಂದಣಿ ಹೊಂದಿದ್ದು ಶುಲ್ಕಕ್ಕೆ ಶೇ. 18 ತೆರಿಗೆ ಅನ್ವಯಿಸುವುದಾದರೆ, 3,000 ಎಂದು ಪ್ರಕಟಿಸುವಾಗ ತೆರಿಗೆ ಪ್ರತ್ಯೇಕ ಎಂದು ಸ್ಪಷ್ಟವಾಗಿ ಹಾಕಿ. ಹಾಕದಿದ್ದರೆ ಆ ಮೂರು ಸಾವಿರದೊಳಗೆ ನಿಮಗೆ ಸಿಗುವುದು 2,542 ಮಾತ್ರ. ಮುನ್ನೂರು ಜನರಿಗೆ ಇದು ಒಂದು ಲಕ್ಷ ಮೂವತ್ತೇಳು ಸಾವಿರಕ್ಕೂ ಹೆಚ್ಚಿನ ವ್ಯತ್ಯಾಸ. ಕೊಲ್ಹಾಪುರ, ಸಾಂಗಲಿಯವರು ಹೋಟೆಲ್ ಬಿಲ್ಲಿನ ತೆರಿಗೆಯನ್ನು ತಮ್ಮ ಲೆಕ್ಕದಲ್ಲಿ ಮರಳಿ ಪಡೆಯಲಾಗದು, ಏಕೆಂದರೆ ಕಟ್ಟಡ ಕರ್ನಾಟಕದಲ್ಲಿದ್ದರೆ ತೆರಿಗೆಯೂ ಕರ್ನಾಟಕದ್ದೇ. ಅವರು ಕೇಳಿದಾಗ ಹೇಳಲು ಉತ್ತರ ಸಿದ್ಧವಿರಲಿ. ಪ್ರಾಯೋಜಕತ್ವದ ಹಣಕ್ಕೆ ತೆರಿಗೆ ಕಟ್ಟಬೇಕಾದವರು ನೀವೋ ಅವರೋ ಎಂಬುದು ನಿಮ್ಮ ಸಂಘ ಸೊಸೈಟಿಯೋ ಕಂಪನಿಯೋ ಎಂಬುದರ ಮೇಲೆ ನಿಂತಿದೆ. ಲೆಕ್ಕಪರಿಶೋಧಕರೊಂದಿಗೆ ಒಂದು ಗಂಟೆ ಈಗಲೇ ಕುಳಿತುಕೊಳ್ಳಿ. ಗುತ್ತಿಗೆದಾರರಿಗೂ ಭಾಷಣಕಾರರಿಗೂ ಹಣ ಕೊಡುವಾಗ ಎಷ್ಟು ಟಿಡಿಎಸ್ (ಮೂಲದಲ್ಲೇ ಕಡಿತ ಮಾಡುವ ತೆರಿಗೆ) ಹಿಡಿಯಬೇಕೆಂಬುದನ್ನೂ ಅಲ್ಲೇ ಬರೆದುಕೊಳ್ಳಿ.

ಸಭಾಂಗಣ ನೋಡಲು ಹೋಗುವಾಗ ಟೇಪು ಹಿಡಿದು ಹೋಗಿ. ಸಾಲು ಕುರ್ಚಿಗಳಿಗೆ ತಲಾ ಸುಮಾರು 10 ಚದರ ಅಡಿ ಸಾಕು. ಮುಂದೆ ಮೇಜು ಬೇಕೆಂದರೆ 18ರಿಂದ 20 ಬೇಕು. ಮಾಲೀಕರು ಹೇಳುವ 'ಐನೂರು ಜನ ಹಿಡಿಸುತ್ತಾರೆ' ಎಂಬ ಮಾತು ಸಾಲು ಕುರ್ಚಿಗಳ ಲೆಕ್ಕ. ಮಳಿಗೆಗಳು ಸಾಮಾನ್ಯವಾಗಿ 3 ಮೀಟರ್‌ಗೆ 3 ಮೀಟರ್. ಯಂತ್ರ ತರುವವರಿದ್ದರೆ ಬಾಗಿಲ ಅಗಲ, ನೆಲ ತಾಳುವ ಭಾರ, ಫೋರ್ಕ್‌ಲಿಫ್ಟ್ ತಿರುಗುವ ಜಾಗ, ಮೂರು ಫೇಸ್ ವಿದ್ಯುತ್ ಇವನ್ನೆಲ್ಲ ಕೇಳಿ ಬರೆದುಕೊಳ್ಳಿ. ಪ್ರತಿ ಮಳಿಗೆಯವರಿಂದಲೂ ಎಷ್ಟು ಕಿಲೋವ್ಯಾಟ್ ಬೇಕೆಂದು ಒಂದು ತಿಂಗಳ ಮೊದಲು ಪಟ್ಟಿ ತರಿಸಿಕೊಳ್ಳಿ. ಜನರೇಟರ್ ಇದೆ ಎಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಕರೆಂಟ್ ಹೋಗಿ ಜನರೇಟರ್ ಹಿಡಿಯುವ ಆ ಕೆಲವು ಕ್ಷಣಗಳಲ್ಲಿ ಪ್ರೊಜೆಕ್ಟರೂ ಧ್ವನಿಯ ಮಿಕ್ಸರೂ ಆರಿಹೋಗುತ್ತವೆ, ಮತ್ತೆ ಏಳಲು ನಿಮಿಷಗಳೇ ಬೇಕು. ಅವೆರಡಕ್ಕೂ ಯುಪಿಎಸ್ ಇರಲೇಬೇಕು. ಒಪ್ಪಂದದಲ್ಲಿ ಹಿಂದಿನ ರಾತ್ರಿಯೇ ಜಾಗ ಬಿಟ್ಟುಕೊಡುವುದು, ರದ್ದಾದರೆ ಮುಂಗಡದ ಗತಿ, ನಿಯಂತ್ರಣ ಮೀರಿದ ಕಾರಣದಿಂದ ಮುಂದೂಡಿದರೆ ಅದೇ ಹಣದಲ್ಲಿ ಬೇರೆ ದಿನ ಕೊಡುವುದು ಈ ಮೂರೂ ಬರಹದಲ್ಲಿರಲಿ. 2020ರಲ್ಲಿ ಕೋವಿಡ್ ಬಂದಾಗ ಮೂರನೆಯ ಷರತ್ತಿನ ಬೆಲೆ ಎಲ್ಲ ಸಂಘಟಕರಿಗೂ ತಿಳಿಯಿತು.

ಮಳಿಗೆಯವರು ಹಣ ಕೊಡುವುದು ಜನರನ್ನು ನೋಡಲು. ಚಹಾ, ಕಾಫಿ, ಬಿಸ್ಕತ್ತು ಎಲ್ಲವನ್ನೂ ಮಳಿಗೆಗಳ ನಡುವೆಯೇ ಇಡಿ, ಬೇರೆಲ್ಲೂ ಇಡಬೇಡಿ. ವಿರಾಮ ಅರ್ಧ ಗಂಟೆಗಿಂತ ಕಡಿಮೆ ಬೇಡ. ಮುಂದಿನ ವರ್ಷವೂ ಅವರು ಬರುತ್ತಾರೋ ಇಲ್ಲವೋ ಎಂಬುದು ಆ ಅರ್ಧ ಗಂಟೆಯಲ್ಲೇ ನಿರ್ಧಾರವಾಗುತ್ತದೆ. ಆದರೆ ಪ್ರತಿನಿಧಿಗಳ ಮೊಬೈಲ್ ಸಂಖ್ಯೆಗಳ ಪಟ್ಟಿಯನ್ನು ಪ್ರಾಯೋಜಕರಿಗೆ ಹಾಗೇ ಹಸ್ತಾಂತರಿಸಬೇಡಿ. ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆಂದು 2023ರಲ್ಲಿ ಕಾಯ್ದೆಯೇ ಬಂದಿದೆ. ನೋಂದಣಿ ಪತ್ರದಲ್ಲೇ ಒಪ್ಪಿಗೆ ಕೇಳಿ, ಒಪ್ಪಿದವರದನ್ನು ಮಾತ್ರ ಕೊಡಿ.

ಭಾಷಣಕಾರರಿಗೆ ತಲಾ 25 ನಿಮಿಷ, ಪ್ರಶ್ನೆಗೆ ಹತ್ತು. ಅವರಿಂದ ಕೇಳಬೇಕಾದ್ದು ತಮ್ಮ ಕಾರ್ಖಾನೆಯ ಮೊದಲಿನ ಮತ್ತು ನಂತರದ ಅಂಕಿಗಳನ್ನು, ಕಂಪನಿಯ ಚರಿತ್ರೆಯನ್ನಲ್ಲ. ಬೆಂಗಳೂರಿನಿಂದ ಬರುವವರು ಹಿಂದಿನ ದಿನವೇ ಬಂದಿರಲಿ. 2025ರ ಆಗಸ್ಟ್‌ನಲ್ಲಿ ಆರಂಭವಾದ ವಂದೇ ಭಾರತ್ ರೈಲು ಮಧ್ಯಾಹ್ನ ಬೆಂಗಳೂರು ಬಿಟ್ಟು ರಾತ್ರಿ ಬೆಳಗಾವಿ ಸೇರಿಸುತ್ತದೆ. ಬೆಳಗಿನ ವಿಮಾನವನ್ನು ನೆಚ್ಚಿ ಬೆಳಗಿನ ಗೋಷ್ಠಿ ಇಡುವುದು ಬೇಡ. ಸ್ಲೈಡುಗಳನ್ನು ಎರಡು ದಿನ ಮೊದಲೇ ಪಿಡಿಎಫ್ ರೂಪದಲ್ಲೂ ತರಿಸಿಕೊಂಡು ಒಂದೇ ಲ್ಯಾಪ್‌ಟಾಪ್‌ಗೆ ಹಾಕಿ. 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ತಯಾರಿಸಿದ ಕನ್ನಡ ಸ್ಲೈಡು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆಯುತ್ತದೆ. ನಿಮ್ಮ ಸಭೆಯಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಆಡುವವರಿರುತ್ತಾರೆ. ಎದ್ದು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಸಂಕೋಚಪಡುವ ಹಿರಿಯ ಕೆಲಸಗಾರರ ಪ್ರಶ್ನೆಗಳೇ ಎಷ್ಟೋ ಸಲ ಅತ್ಯಂತ ಬೆಲೆಯುಳ್ಳವು. ಯಾವ ಭಾಷೆಯಲ್ಲಾದರೂ ಚೀಟಿ ಬರೆದು ಕೊಡಲಿ, ನಿರೂಪಕರು ಓದಲಿ. ಮೂರೂ ಭಾಷೆ ಬಲ್ಲ ನಿರೂಪಕರು ಬೆಳಗಾವಿಯಲ್ಲಿ ಸಿಗದೆ ಇನ್ನೆಲ್ಲಿ ಸಿಗುತ್ತಾರೆ!

ನೋಂದಣಿ ಮೇಜಿನ ಗಣಿತ ಸರಳ. ಒಬ್ಬರಿಗೆ ಒಂದು ನಿಮಿಷ ಹಿಡಿದು ಮೂರು ಮೇಜು ಹಾಕಿದರೆ 300 ಜನರಿಗೆ 100 ನಿಮಿಷ, ಅಂದರೆ 9.30ರ ಗೋಷ್ಠಿ ಹೊರಗೇ ಉಳಿದುಹೋಯಿತು. ಮೊದಲೇ ಹಣ ಕಟ್ಟಿದವರ ಸಾಲನ್ನೂ ಅಲ್ಲೇ ಕಟ್ಟುವವರ ಸಾಲನ್ನೂ ಬೇರೆ ಮಾಡಿ. ಮೊದಲನೆಯದರಲ್ಲಿ ಬ್ಯಾಡ್ಜ್ ಕೈಗಿಟ್ಟು ಕಳಿಸುವುದಷ್ಟೇ ಕೆಲಸ. ಹೆಸರಿನ ಅಕ್ಷರ ಕ್ರಮ ನಮ್ಮ ಕಡೆ ಕೆಲಸಕ್ಕೆ ಬರುವುದಿಲ್ಲ. ಇಬ್ಬರು ಪಾಟೀಲರು, ನಾಲ್ವರು ಕುಲಕರ್ಣಿಯವರು ಇರುತ್ತಾರೆ, ಕೆಲವರು ಅಡ್ಡಹೆಸರು ಮೊದಲು ಬರೆದಿರುತ್ತಾರೆ, ಕೆಲವರು ಕೊನೆಗೆ. ಊರಿನ ಪ್ರಕಾರ ಮೇಜು ಹಾಕಿ: ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕೊಲ್ಹಾಪುರ-ಸಾಂಗಲಿ, ಇತರೆ. ಬ್ಯಾಡ್ಜ್‌ನಲ್ಲಿ ಹೆಸರಿನ ಕೆಳಗೆ ಊರು ಮತ್ತು ತಯಾರಿಸುವ ವಸ್ತು ದೊಡ್ಡ ಅಕ್ಷರದಲ್ಲಿರಲಿ. ಅಪರಿಚಿತರಿಬ್ಬರ ನಡುವೆ ಮಾತು ಹುಟ್ಟುವುದು ಅದರಿಂದಲೇ.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಬೆಳಗಾವಿಯ ಅಡುಗೆಯವರಿಗೆ ಅದು ಗೊತ್ತು. ಎರಡೂ ಬದಿಯಿಂದ ಬಡಿಸಿಕೊಳ್ಳುವ ಒಂದು ಕೌಂಟರ್ ನೂರು ಜನರಿಗೆ, ಹಾಗಾಗಿ ಮೂರು ಬೇಕು. ಜೈನ ಊಟ ಪ್ರತ್ಯೇಕವಾಗಿ, ಫಲಕ ಹಾಕಿ ಇಡಿ. ಖಚಿತ ಸಂಖ್ಯೆಯನ್ನು ಮೂರು ದಿನ ಮೊದಲು ಕೊಡಿ, ತಟ್ಟೆಯ ಲೆಕ್ಕ ಹೇಗೆ, ಯಾರು ಎಣಿಸುತ್ತಾರೆ ಎಂಬುದನ್ನು ಆಗಲೇ ಮಾತಾಡಿ ಮುಗಿಸಿ. ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ ಬೇಡ. ದೇಶದಾದ್ಯಂತ 2022ರ ಜುಲೈ 1ರಿಂದ ಅವು ನಿಷಿದ್ಧ, ನಮ್ಮ ರಾಜ್ಯದಲ್ಲಿ 2016ರಿಂದಲೇ ಫ್ಲೆಕ್ಸ್ ಮತ್ತು ಪ್ಲಾಸ್ಟಿಕ್ ಬ್ಯಾನರಿಗೂ ನಿಷೇಧವಿದೆ. ಬಟ್ಟೆಯ ಬ್ಯಾನರ್ ಬರೆಸಿ. ರಾತ್ರಿ ಭೋಜನಕೂಟದಲ್ಲಿ ಚಿತ್ರಗೀತೆ ಹಾಕುವುದಾದರೆ ಹಕ್ಕುಸ್ವಾಮ್ಯದ ಪರವಾನಗಿ ಬೇಕು. ಹೊರಗೆ ಧ್ವನಿವರ್ಧಕ ಹಾಕಿದರೆ ಪೊಲೀಸ್ ಅನುಮತಿಯೂ ಬೇಕು, ರಾತ್ರಿ ಹತ್ತಕ್ಕೆ ನಿಲ್ಲಲೂಬೇಕು.

ಮುಗಿದ ಮೇಲಿನ ವಾರ ಎಲ್ಲರೂ ದಣಿದಿರುತ್ತಾರೆ, ಆದ್ದರಿಂದ ಆ ವಾರದ ಕೆಲಸಕ್ಕೆ ಇಬ್ಬರನ್ನು ಈಗಲೇ ನೇಮಿಸಿ, ಸಮ್ಮೇಳನದ ದಿನಗಳಲ್ಲಿ ಅವರಿಗೆ ಬೇರೆ ಹೊಣೆ ಕೊಡಬೇಡಿ. ಸ್ಲೈಡುಗಳನ್ನೂ ದುಂಡು ಮೇಜುಗಳಲ್ಲಿ ಬಂದ ಮುಖ್ಯ ಅಂಶಗಳನ್ನೂ ಅವರು ಏಳು ದಿನದೊಳಗೆ ಪ್ರತಿನಿಧಿಗಳಿಗೆ ಕಳಿಸಲಿ. ಖರೀದಿದಾರರ 48 ಭೇಟಿಗಳಲ್ಲಿ ಎಷ್ಟು ನಮೂನೆಯ ಆರ್ಡರಿನವರೆಗೆ ಹೋದವು ಎಂದು ಮೂರು ತಿಂಗಳ ನಂತರ ಒಬ್ಬೊಬ್ಬರಿಗೂ ಕರೆ ಮಾಡಿ ಕೇಳಲಿ. ಆ ಅಂಕಿ ಕೈಯಲ್ಲಿದ್ದರೆ ಮುಂದಿನ ಸಲ ಖರೀದಿ ಅಧಿಕಾರಿಗಳನ್ನೂ ಮಳಿಗೆಯವರನ್ನೂ ಒಪ್ಪಿಸಲು ನಿಮಗೆ ಬೇರೆ ಪತ್ರ ಬೇಕಾಗುವುದಿಲ್ಲ. ಸದ್ಯಕ್ಕೆ ಈ ವಾರ ಇಪ್ಪತ್ತು ಕರೆಗಳನ್ನು ಮುಗಿಸಿ, ಜನವರಿ ಎರಡನೆಯ ವಾರಕ್ಕೆ ಎರಡು ಸಭಾಂಗಣಗಳನ್ನು ಕಾಯ್ದಿರಿಸುವ ಬಗ್ಗೆ ವಿಚಾರಿಸಿ.